ಆ ಕೊನೇ ತಂತಿ

ಕೇಳುಗರಿಗೆ ನಮಸ್ಕಾರ. ಇಂಟರ್ನೆಟ್‌ನಲ್ಲಿ ಟಿವಿ ನೋಡುವಾಗ ಚಿತ್ರ ನಿಂತು, ಚಕ್ರ ಸುತ್ತುತ್ತಾ ಕೂರುತ್ತದೆ ಅಲ್ವಾ? ಸುಮ್ನೆ ಟಿವಿಯನ್ನು ಬೈಯಬೇಡಿ. ಬಹಳ ಸಲ ತೊಂದರೆ ಇರುವುದು ನಿಮ್ಮ ಮನೆಗೆ ಬರುವ ಕೊನೇ ತಂತಿಯಲ್ಲಿ.

ತೀರ್ಥಹಳ್ಳಿ ಕಡೆ ನನ್ನ ಸೋದರತ್ತೆ ಮನೆ. ಟೆಲಿಫೋನ್ ಎಕ್ಸ್‌ಚೇಂಜ್‌ನಿಂದ ಐದು ಕಿಲೋಮೀಟರ್ ದೂರ, ದಾರಿಯುದ್ದಕ್ಕೂ ತಾಮ್ರದ ತಂತಿ. ಮಳೆ ಹಿಡಿದರೆ ಅತ್ತೆಯ ಧಾರಾವಾಹಿ ನಿಂತಂತೆಯೇ. "ನೀನು ಇದೇ ಕೆಲಸದವನು ಮಾರಾಯ, ಒಂದು ಸಲ ನೋಡು" ಅಂದರು. ಲೈನ್‌ಮನ್ ಜೊತೆ ತಂತಿಯ ಜಾಡು ಹಿಡಿದು ಹೊರಟೆ. ಮೊದಲ ಕಂಬ ಸರಿ, ಎರಡನೆಯದೂ ಸರಿ. ಅಡಿಕೆ ತೋಟದ ಬೇಲಿ ಹತ್ತಿರ ಒಂದು ಜಾಯಿಂಟ್ ಸಿಕ್ಕಿತು. ಅದಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿದ್ದರು. ಬಿಚ್ಚಿದರೆ ಒಳಗಿಂದ ನೀರು ಸುರಿಯಿತು. ತಾಮ್ರ ಹಸಿರು ಹಿಡಿದು, ಮುಟ್ಟಿದರೆ ಪುಡಿಯಾಗಿ ಬೆರಳಿಗೆ ಅಂಟುತ್ತಿತ್ತು. ಇರುವೆಗಳು ಮೊಟ್ಟೆ ಸಮೇತ ಬೀಡುಬಿಟ್ಟಿದ್ದವು. ಅಷ್ಟನ್ನೂ ಕತ್ತರಿಸಿ, ಹೊಸದಾಗಿ ಜೋಡಿಸಿ ಕಟ್ಟಿದೆವು. ಸಂಜೆ ಮಳೆ ಬಂದರೂ ಲೈನ್ ಹೋಗಲಿಲ್ಲ. ಆದರೆ ವೇಗ ಎರಡು ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಎರಡು ಮೆಗಾಬಿಟ್, ದಾಟಲೇ ಇಲ್ಲ! ಎಚ್‌ಡಿ ಚಿತ್ರಕ್ಕೆ ಐದಾದರೂ ಬೇಕು.

ತಾಮ್ರದ ಗುಣವೇ ಹಾಗೆ. ಎಕ್ಸ್‌ಚೇಂಜ್ ಪಕ್ಕದ ಮನೆಗೆ 24 ಎಂಬಿಪಿಎಸ್‌ವರೆಗೂ ಕೊಡುತ್ತದೆ, ದೂರ ಹೋದಷ್ಟೂ ಸೊರಗುತ್ತದೆ. ಹೊಸ ಮೋಡೆಮ್ ತಂದರೂ ಅಷ್ಟೇ, ಜಾಸ್ತಿ ದುಡ್ಡಿನ ಪ್ಲಾನ್ ಹಾಕಿಸಿದರೂ ಅಷ್ಟೇ. ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೇನೋ! ಬದಲಾಗಬೇಕಾದದ್ದು ಆ ಕೊನೇ ತಂತಿ.

ಕೊನೆಗೆ ಅತ್ತೆ ಮನೆಗೆ ಫೈಬರ್ ಬಂತು. ಕೂದಲೆಳೆಯಂಥ ಗಾಜು, ಅದರೊಳಗೆ ಹರಿಯುವುದು ಬೆಳಕು. ಮಳೆಗೆ ಹಸಿರು ಹಿಡಿಯುವ ಮಾತೇ ಇಲ್ಲ. ಇಪ್ಪತ್ತು ಕಿಲೋಮೀಟರ್ ಆದರೂ ಸೊರಗುವುದಿಲ್ಲ. ಒಂದೇ ಎಳೆಯಲ್ಲಿ ಸೆಕೆಂಡಿಗೆ ಎರಡೂವರೆ ಗಿಗಾಬಿಟ್, ಅಂದರೆ ಸುಮಾರು 2500 ಎಂಬಿಪಿಎಸ್ ಬರುತ್ತದೆ. ಸ್ಪ್ಲಿಟರ್ ಅನ್ನುವ ಪುಟ್ಟ ಪೆಟ್ಟಿಗೆ ಅದನ್ನು 32 ಮನೆಗೆ ಹಂಚಿದರೂ ಒಬ್ಬೊಬ್ಬರಿಗೆ 75 ಎಂಬಿಪಿಎಸ್‌ಗಿಂತ ಜಾಸ್ತಿಯೇ ಉಳಿಯುತ್ತದೆ.

ಎಲ್ಲರೂ ಒಟ್ಟಿಗೆ ಕ್ರಿಕೆಟ್ ನೋಡಿದರೆ ಅಂತ ಕೇಳುತ್ತೀರಿ. ಐಪಿಟಿವಿ, ಅಂದರೆ ಇಂಟರ್ನೆಟ್ ಲೈನಿನಲ್ಲೇ ಬರುವ ಟಿವಿ ಚಾನೆಲ್‌ಗಳಿಗೆ ಮಲ್ಟಿಕಾಸ್ಟ್ ಅನ್ನುವ ಉಪಾಯವಿದೆ. ಊರಿಗೆಲ್ಲ ಒಂದೇ ಡಂಗುರ ಸಾರಿದಂತೆ, ಒಂದೇ ಪ್ರತಿ ಬರುತ್ತದೆ, ಬೇಕಾದವರು ತೆಗೆದುಕೊಳ್ಳುತ್ತಾರೆ.

ನನ್ನ ಸಮಯ ಮುಗಿಯುತ್ತಾ ಬಂತು. ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ತರುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲೇ ಒಪ್ಪಿಗೆ ಕೊಟ್ಟಿತು. ಪಂಚಾಯ್ತಿಗೆ ಬಂದರೆ ಸಾಲದು, ನಿಮ್ಮ ಜಗಲಿಗೆ ಬರಬೇಕು. ಹೊಸ ಕನೆಕ್ಷನ್ ಮಾರಲು ಯಾರೇ ಬರಲಿ, ಒಂದೇ ಪ್ರಶ್ನೆ ಕೇಳಿ: "ಫೈಬರ್ ನಮ್ಮ ಗೋಡೆವರೆಗೂ ಬರುತ್ತಾ, ಇಲ್ಲ ಕಂಬದವರೆಗೆ ಮಾತ್ರನಾ?" ನಮಸ್ಕಾರ.