ತಿರುಗಣೆ ಮೇಲೆ ಕೂತ ತೋಪು

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೇ ತೊಟ್ಟಿಮನೆಗಳ ದೊಡ್ಡ ಬಾಗಿಲು ನೋಡಿದ್ದೀರಾ? ಅದರ ಒಂದು ಬದಿಯಲ್ಲಿ ಮೇಲೆ ಒಂದು, ಕೆಳಗೆ ಒಂದು ಮರದ ಗೂಟ ಚಾಚಿಕೊಂಡಿರುತ್ತದೆ. ಕೆಳಗಿನ ಗೂಟ ಹೊಸ್ತಿಲ ಪಕ್ಕದ ಕುಳಿಯಲ್ಲಿ ಕೂತಿರುತ್ತದೆ. ಅದೇ ತಿರುಗಣೆ. ಇಬ್ಬರು ಗಂಡಸರು ಸೇರಿದರೂ ಎತ್ತಲಾಗದ ಬಾಗಿಲನ್ನು ಅದರ ದೆಸೆಯಿಂದ ಒಂದು ಮಗು ತಳ್ಳಿಬಿಡುತ್ತದೆ.

ಇವತ್ತು ನಾನು ಹೇಳಹೊರಟಿರುವುದು ಇಂಥ ತಿರುಗಣೆಯ ಮೇಲೆ ಕೂತ ತೋಪಿನ ಕಥೆ. ಇಂಗ್ಲಿಷಿನಲ್ಲಿ ಸ್ವಿವೆಲ್ ಗನ್ ಅಂತಾರೆ. ನಾನು ನನ್ನ ಅನುಕೂಲಕ್ಕೆ ತಿರುಗಣೆ ತೋಪು ಅಂತ ಕರೆದುಕೊಂಡಿದ್ದೇನೆ. ನಾನೇನೂ ಇತಿಹಾಸಕಾರ ಅಲ್ಲ. ಯಂತ್ರದ ಬಿಡಿಭಾಗಗಳ ನಕ್ಷೆ ಬಿಡಿಸಿ ಜೀವನ ಕಳೆದವನು. ಹಾಗಾಗಿ ಯಾವುದಾದರೂ ಹಳೇ ತೋಪು ಕಂಡರೆ, ಅದು ಯಾವ ರಾಜನದು ಅನ್ನೋದಕ್ಕಿಂತ ಮೊದಲು, ಅದು ಯಾವುದರ ಮೇಲೆ ಕೂತಿತ್ತು ಅಂತ ಕೇಳುವ ಚಾಳಿ.

ನೆಲದ ಮೇಲೆ ತೋಪು ಹಾರಿಸುವುದು ಬೇರೆ, ನೀರಿನ ಮೇಲೆ ಬೇರೆ. ಹಡಗು ಒಂದು ಗಳಿಗೆ ಸುಮ್ನೆ ನಿಲ್ಲುವುದಿಲ್ಲ. ಅಲೆಗೆ ಏಳುತ್ತದೆ, ಬೀಳುತ್ತದೆ, ವಾಲುತ್ತದೆ. ಎದುರಿನ ಹಡಗೂ ಹಾಗೇ. ದೊಡ್ಡ ತೋಪನ್ನು ಗಾಲಿಗಾಡಿಯ ಮೇಲೆ ಕೂರಿಸಿ ಹಗ್ಗದಲ್ಲಿ ಬಿಗಿದಿರುತ್ತಿದ್ದರು. ಅದನ್ನು ಎಡಕ್ಕೋ ಬಲಕ್ಕೋ ತಿರುಗಿಸಬೇಕೆಂದರೆ ನಾಲ್ಕಾರು ಜನ ಮರದ ಹಾರೆ ಹಾಕಿ ಎತ್ತಾಡಬೇಕು. ಅಷ್ಟರಲ್ಲಿ ಗುರಿ ಎಲ್ಲಿಗೋ ಹೋಗಿರುತ್ತದೆ.

ತಿರುಗಣೆ ತೋಪಿನ ಉಪಾಯ ಬಹಳ ಸರಳ. ನಳಿಗೆಯ ಎರಡು ಪಕ್ಕದಲ್ಲಿ ಎರಡು ಗೂಟ. ಆ ಗೂಟಗಳನ್ನು ಹಿಡಿದುಕೊಳ್ಳಲು ಕಬ್ಬಿಣದ ಒಂದು ಕವೆ. ಕವೆಯ ಕೆಳಗೆ ಒಂದು ದಪ್ಪ ಮೊಳೆಯಂಥ ಕಾಲು. ಆ ಕಾಲು ಹಡಗಿನ ಅಂಚಿನ ದಪ್ಪ ಮರದಲ್ಲಿ ಕೊರೆದ ತೂತಿಗೆ ಇಳಿಯುತ್ತದೆ. ಗೂಟಗಳಿಂದ ತೋಪು ಮೇಲೆ ಕೆಳಗೆ ಬಾಗುತ್ತದೆ, ಕಾಲಿನಿಂದ ಸುತ್ತ ತಿರುಗುತ್ತದೆ. ಹಿಂದೆ ಬಾಲದ ಹಾಗೆ ಒಂದು ಹಿಡಿ. ಒಬ್ಬನೇ ಆಳು ಆ ಬಾಲ ಹಿಡಿದುಕೊಂಡು, ಹಡಗು ಎಷ್ಟು ಓಲಾಡಿದರೂ, ಎದುರಿನವನ ಮೇಲೆ ಕಣ್ಣಿಟ್ಟುಕೊಂಡೇ ಇರಬಹುದು. ಎರಡು ಕೀಲು, ಒಂದು ಬಾಲ. ಇಷ್ಟೇ.

ಹಾಗಾದರೆ ಎಲ್ಲ ತೋಪುಗಳನ್ನೂ ಹೀಗೇ ಮಾಡಬಹುದಿತ್ತಲ್ವಾ? ಆಗುವುದಿಲ್ಲ. ತೋಪು ಹಾರಿದಾಗ ಹಿಂದಕ್ಕೆ ಒದೆಯುತ್ತದೆ. ಗಾಲಿಯ ಮೇಲಿನ ತೋಪಾದರೆ ಹಿಂದಕ್ಕೆ ಉರುಳಿ ಆ ಒದೆತವನ್ನು ಕಳೆದುಕೊಳ್ಳುತ್ತದೆ. ತಿರುಗಣೆ ತೋಪಿಗೆ ಹಿಂದೆ ಸರಿಯಲು ಜಾಗವೇ ಇಲ್ಲ. ಒದೆತವೆಲ್ಲ ಆ ಸಣ್ಣ ಕಾಲಿನ ಮೂಲಕ ಹಡಗಿನ ಮರಕ್ಕೇ ಹೋಗಬೇಕು. ಜಾಸ್ತಿ ಮದ್ದು ತುಂಬಿದರೆ ಮರ ಸೀಳುತ್ತದೆ, ಇಲ್ಲ ಕವೆ ಮುರಿಯುತ್ತದೆ. ಆದ್ದರಿಂದ ಈ ತೋಪು ಚಿಕ್ಕದಾಗಿಯೇ ಇರಬೇಕಾಯಿತು. 18ನೇ ಶತಮಾನದ ಇಂಗ್ಲಿಷ್ ನೌಕಾಪಡೆಯಲ್ಲಿ ಬಳಕೆಯಲ್ಲಿದ್ದದ್ದು ಅರ್ಧ ಪೌಂಡಿನ ತೋಪು. ಅಂದರೆ ಸುಮಾರು 227 ಗ್ರಾಂ ತೂಕದ ಕಬ್ಬಿಣದ ಗುಂಡು. ಕೈಯಲ್ಲಿ ಹಿಡಿದರೆ ಒಂದು ನಿಂಬೆಹಣ್ಣಿನಷ್ಟು. ತೋಪಿನ ಉದ್ದ ಹೆಚ್ಚುಕಡಿಮೆ 3 ಅಡಿ. ಇದರಿಂದ ಹಡಗು ಮುಳುಗಿಸಲು ಆಗದು. ಇದು ಜನರ ಮೇಲೆ ಹಾರಿಸುವ ತೋಪು. ಹಡಗಿಗೆ ಹಡಗು ತಾಗಿ ಶತ್ರುಗಳು ಹತ್ತಿ ಬರುವಾಗ, ಗುಂಡಿನ ಬದಲು ಸಣ್ಣ ಸಣ್ಣ ಚರೆ ತುಂಬಿ ಹಾರಿಸುತ್ತಿದ್ದರು. ಬೇಕೆಂದಾಗ ಕಿತ್ತು ಸಣ್ಣ ದೋಣಿಗೂ ಸಿಕ್ಕಿಸಬಹುದು. 1768ರಲ್ಲಿ ಜೇಮ್ಸ್ ಕುಕ್ ಎಂಡೆವರ್ ಹಡಗಿನಲ್ಲಿ ಹೊರಟಾಗ ಅದರಲ್ಲಿ 10 ದೊಡ್ಡ ತೋಪು, 12 ತಿರುಗಣೆ ತೋಪು ಇದ್ದವು.

ಈಗ ಸ್ವಲ್ಪ ಹಿಂದಕ್ಕೆ, ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಹೋಗೋಣ. 1545ರ ಜುಲೈ 19ರಂದು ಎಂಟನೇ ಹೆನ್ರಿಯ ಮೇರಿ ರೋಸ್ ಹಡಗು ಫ್ರೆಂಚರ ಎದುರು ಹೋರಾಡುವಾಗ ಮುಳುಗಿತು. 1982ರಲ್ಲಿ ಅದರ ಉಳಿದ ಭಾಗವನ್ನು ಮೇಲೆತ್ತಿದರು. ಹೆನ್ರಿಯ ಹಡಗುಗಳ ಚಿತ್ರಸಹಿತ ಪಟ್ಟಿಯೊಂದಿದೆ, 1546ರದು. ಅದರಲ್ಲಿ ಮೇರಿ ರೋಸ್ ಹೆಸರಿನ ಕೆಳಗೆ 30 ತಿರುಗಣೆ ತೋಪುಗಳ ಲೆಕ್ಕವಿದೆ. ಆಗ ಅವನ್ನು 'ಬೇಸ್' ಎನ್ನುತ್ತಿದ್ದರು. ಪಟ್ಟಿಯಲ್ಲಿ 30 ಇದ್ದರೂ ಸಮುದ್ರದ ತಳದಲ್ಲಿ ಸಿಕ್ಕಿದ್ದು ಕೆಲವೇ ಕೆಲವು.

ಆ ಕಾಲದ ಈ ತೋಪುಗಳು ಎರಕದವಲ್ಲ, ಕಮ್ಮಾರನ ಕೈಕೆಲಸ. ಕಬ್ಬಿಣದ ಉದ್ದನೆಯ ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿ ಕೊಳವೆ ಮಾಡಿ, ಮೇಲಿನಿಂದ ಬಳೆ ತೊಡಿಸುತ್ತಿದ್ದರು. ಬಳೆಯನ್ನು ಕೆಂಪಗೆ ಕಾಯಿಸಿ ತೊಡಿಸಿದರೆ ಆರುತ್ತಾ ಆರುತ್ತಾ ಕುಗ್ಗಿ ಕಚ್ಚಿಕೊಳ್ಳುತ್ತದೆ. ನಮ್ಮ ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆರಣಿಯ ಬೆಂಕಿಯಲ್ಲಿ ಕಾಯಿಸಿ, ಇಕ್ಕಳದಲ್ಲಿ ಹಿಡಿದು ತಂದು, ಗಾಲಿಗೆ ಬಡಿದು ಕೂರಿಸಿ, ಮೇಲೆ ನೀರು ಸುರಿಯುತ್ತಾರಲ್ಲ, ಅದೇ ಲೆಕ್ಕ.

ಆದರೆ ಹೀಗೆ ಮಾಡಿದ ಕೊಳವೆ ಎರಡೂ ಕಡೆ ತೆರೆದೇ ಇರುತ್ತದೆ. ಮದ್ದು ಎಲ್ಲಿ ತುಂಬುವುದು? ಅದಕ್ಕೆ ಬೇರೆಯದೇ ಒಂದು ಪಾತ್ರೆ. ಹಿಡಿ ಇರುವ ಲೋಟದ ಹಾಗೆ. ಅದರೊಳಗೆ ಮದ್ದು ಗಿಡಿದು, ಮರದ ಬಿರಡೆ ಹಾಕಿ, ತೋಪಿನ ಹಿಂಬದಿಯ ತೊಟ್ಟಿಲಿನಲ್ಲಿ ಮಲಗಿಸಬೇಕು. ಆಮೇಲೆ ಹಿಂದಿನಿಂದ ಒಂದು ಬೆಣೆ ಹೊಡೆದು ಬಿಗಿ ಮಾಡಬೇಕು. ತೊಟ್ಟಿಲು ಅಂದದ್ದು ಸುಮ್ನೆ ಅಲ್ಲ. ಪೋರ್ಚುಗೀಸರು ತಮ್ಮ ಇಂಥ ತೋಪಿಗೆ ಇಟ್ಟ ಹೆಸರು 'ಬೆರ್ಸೊ'. ಅವರ ಭಾಷೆಯಲ್ಲಿ ತೊಟ್ಟಿಲು ಎಂದೇ ಅರ್ಥ.

ಒಂದು ತೋಪಿಗೆ ಇಂಥ ಎರಡು ಮೂರು ಪಾತ್ರೆ ಇದ್ದರೆ ಒಂದು ಹಾರುವಷ್ಟರಲ್ಲಿ ಇನ್ನೊಂದು ತಯಾರು. ಬಾಯಿಯಿಂದ ತುಂಬುವ ತೋಪಿಗಿಂತ ಎಷ್ಟೋ ಚುರುಕು. ಅದರ ತೊಂದರೆಯೂ ಅಲ್ಲೇ ಇತ್ತು. ಪಾತ್ರೆ ಮತ್ತು ಕೊಳವೆ ಕೂಡುವ ಜಾಗ ಪೂರ್ತಿ ಬಿಗಿಯಾಗದೆ ಬಿಸಿಗಾಳಿ, ಹೊಗೆ ಅಲ್ಲಿಂದ ನುಗ್ಗುತ್ತಿತ್ತು. ಗುಂಡಿನ ಬಲ ಅಷ್ಟು ಕಡಿಮೆ. ಬೆಣೆ ಹಾರಿ ಬಂದರೆ ಹಿಂದೆ ನಿಂತವನ ಗತಿ ನೀವೇ ಯೋಚಿಸಿ. ಮುಂದೆ ಎರಕದ ಕಬ್ಬಿಣ ಅಗ್ಗವಾದ ಮೇಲೆ ಇಂಗ್ಲಿಷರು ಈ ತೊಟ್ಟಿಲನ್ನು ಬಿಟ್ಟು, ಬಾಯಿಯಿಂದಲೇ ತುಂಬುವ ಒಂದೇ ತುಂಡಿನ ತೋಪಿಗೆ ಬಂದರು. ಚುರುಕು ಹೋಯಿತು, ಭರವಸೆ ಬಂತು. ಮುಂದೆ ಹೋದಂತೆ ಎಲ್ಲವೂ ಸುಧಾರಿಸುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಇಲ್ಲಿ ಜಾಣ ಉಪಾಯವೊಂದನ್ನು ಬಿಟ್ಟು ದಡ್ಡ ಉಪಾಯಕ್ಕೆ ಮರಳಿದರು. ಅದೇ ಸರಿಯೂ ಆಗಿತ್ತು.

ಆ ಲೋಟದಂಥ ಪಾತ್ರೆಯ ಬಗ್ಗೆ ಇನ್ನೊಂದು ಸಂಗತಿ ಹೇಳಲೇಬೇಕು. ಬ್ಲ್ಯಾಕ್‌ಬಿಯರ್ಡ್ ಎಂಬ ಕಡಲ್ಗಳ್ಳನ ಹೆಸರು ಕೇಳಿರಬಹುದು. ಅವನ ಹಡಗು ಕ್ವೀನ್ ಆನ್ಸ್ ರಿವೆಂಜ್. 1718ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ತೀರದಲ್ಲಿ ಮರಳಿಗೆ ಹತ್ತಿ ನಿಂತುಹೋಯಿತು. 1996ರಲ್ಲಿ ಅದರ ಅವಶೇಷ ಸಿಕ್ಕಿತು. ಹಿಂಬದಿಯಿಂದ ತುಂಬುವ ತೋಪಿನ ಒಂದು ಪಾತ್ರೆಯನ್ನು ತಜ್ಞರು ಶುಚಿ ಮಾಡುತ್ತಿದ್ದಾಗ ಒಳಗೆ ಒದ್ದೆ ಮುದ್ದೆಯೊಂದು ಇತ್ತು. ಬಟ್ಟೆಯ ಚೂರುಗಳ ನಡುವೆ ಕಾಗದದ 16 ತುಣುಕು! ದೊಡ್ಡ ತುಣುಕೆಂದರೆ ಒಂದು ರೂಪಾಯಿ ನಾಣ್ಯದಷ್ಟು. ಮುನ್ನೂರು ವರ್ಷ ಉಪ್ಪುನೀರಿನ ಅಡಿಯಲ್ಲಿದ್ದ ಕಾಗದ. ಅದರಲ್ಲಿ ಅಚ್ಚಾದ ಅಕ್ಷರ ಇನ್ನೂ ಓದುವಂತಿತ್ತು. 'ಹಿಲೊ' ಎಂಬ ಊರಿನ ಹೆಸರು ಕಂಡಿತು. ಅದು ಪೆರು ದೇಶದ ಕರಾವಳಿಯ ಊರು. ಆ ಜಾಡು ಹಿಡಿದು ಹುಡುಕಿದಾಗ ಪುಸ್ತಕ ಯಾವುದೆಂದು ತಿಳಿಯಿತು. ಎಡ್ವರ್ಡ್ ಕುಕ್ ಎಂಬ ನಾವಿಕ 1712ರಲ್ಲಿ ಪ್ರಕಟಿಸಿದ ಸಮುದ್ರಯಾನದ ಕಥನ. ಒಂಟಿ ದ್ವೀಪದಲ್ಲಿ 4 ವರ್ಷ ಕಳೆದ ಅಲೆಕ್ಸಾಂಡರ್ ಸೆಲ್ಕಿರ್ಕ್‌ನನ್ನು ಕಾಪಾಡಿ ತಂದದ್ದು ಇದೇ ಯಾನದಲ್ಲಿ. 2018ರಲ್ಲಿ ಈ ಸುದ್ದಿ ಹೊರಬಂತು. ಮದ್ದು ಗಿಡಿಯಲು ಯಾವನೋ ಕೈಗೆ ಸಿಕ್ಕ ಪುಸ್ತಕದ ಹಾಳೆ ಹರಿದು ತುರುಕಿರಬೇಕು. ಓದಿ ಮುಗಿಸಿ ಹರಿದನೋ, ಓದದೆಯೇ ಹರಿದನೋ!

ಈ ತೋಪುಗಳನ್ನು ಅಳೆಯುವುದರಲ್ಲಿ ನಾನೂ ಒಮ್ಮೆ ಮುಗ್ಗರಿಸಿದ್ದೇನೆ. ಒಂದು ವಸ್ತುಸಂಗ್ರಹಾಲಯದ ಅಂಗಳದಲ್ಲಿ ಇಂಥ ಒಂದು ಸಣ್ಣ ತೋಪಿತ್ತು. ಅನುಮತಿ ಪಡೆದು ಅದರ ಬಾಯಿಯ ಅಗಲ ಅಳೆದೆ. ಸುಮಾರು 45 ಮಿಲಿಮೀಟರ್ ಬಂತು. ಲೆಕ್ಕ ಹಾಕಿದರೆ ಮುಕ್ಕಾಲು ಪೌಂಡಿನ ಗುಂಡು. ಹೊಸದೇನೋ ಕಂಡುಹಿಡಿದೆ ಅಂತ ಮನೆಗೆ ಬಂದು ನಕ್ಷೆಯನ್ನೂ ಬಿಡಿಸಿದೆ. ಎರಡನೇ ಸಲ ಹೋದಾಗ ಟಾರ್ಚ್ ಒಯ್ದೆ. ನೋಡಿದರೆ ಬಾಯಿಯ ಅಂಚು ತುಕ್ಕು ತಿಂದು ಅಗಲವಾಗಿದೆ. ಒಂದು ಗೇಣು ಒಳಗೆ ಕೊಳವೆ ಇನ್ನೂ ಕಿರಿದು. ಅಲ್ಲಿ ಅಳೆದಾಗ ಅರ್ಧ ಪೌಂಡೇ. ಗುಂಡಿನ ಅಗಲ 6 ಮಿಲಿಮೀಟರ್ ಹೆಚ್ಚಾದರೆ ತೂಕ ಒಂದೂವರೆ ಪಟ್ಟು ಆಗುತ್ತದೆ. ಅದರ ಮೇಲೆ ಗುಂಡು ಸಲೀಸಾಗಿ ಒಳಗಿಳಿಯಲೆಂದು ಬಿಟ್ಟ ಸಂದನ್ನೂ ಕಳೆಯಬೇಕು.

ಆಮೇಲೆ ತೂಕದ ಗುರುತು. ಇಂಗ್ಲಿಷ್ ತೋಪುಗಳ ಹಿಂಬದಿಯಲ್ಲಿ ಮೂರು ಅಂಕಿ ಕೆತ್ತಿರುತ್ತಾರೆ. 1-0-14 ಅಂತಿದೆ ಅಂದುಕೊಳ್ಳಿ. ಅದನ್ನು ತಾರೀಕು ಅಂತ ಓದಿದವರಿದ್ದಾರೆ. ಅದು ತಾರೀಕಲ್ಲ. ಮೊದಲನೆಯದು 112 ಪೌಂಡಿನ ಲೆಕ್ಕ, ಎರಡನೆಯದು 28 ಪೌಂಡಿನದು, ಮೂರನೆಯದು ಬಿಡಿ ಪೌಂಡು. ಒಟ್ಟು 126 ಪೌಂಡು, ಸುಮಾರು 57 ಕಿಲೊ. ಕಂಚಿನ ತೋಪಾದರೆ ಮೈಮೇಲೆ ಬೆರಳಾಡಿಸಿ ನೋಡಬೇಕು. ಎರಡು ಹೋಳಿನ ಅಚ್ಚಿನಲ್ಲಿ ಎರೆದದ್ದಾದರೆ ಉದ್ದಕ್ಕೂ ಒಂದು ಗೆರೆ ಎದ್ದಿರುತ್ತದೆ. ಮೇಣದ ಮಾದರಿಗೆ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಲೋಹ ಎರೆಯುವ ಮೇಣದ ಎರಕಕ್ಕೆ ಆ ಗೆರೆ ಇಲ್ಲ. ಬ್ರೂನೈ ಮತ್ತು ಮಲಯ ಕಡೆಯ 'ಲಂತಾಕ' ಎಂಬ ಕಂಚಿನ ತಿರುಗಣೆ ತೋಪುಗಳು ಹೀಗೆ ಮೇಣದ ಎರಕದಲ್ಲಿ ಆದವು. ಮೈತುಂಬ ಹೂಬಳ್ಳಿ, ಕೆಲವದಕ್ಕೆ ಮೊಸಳೆಯ ಅಲಂಕಾರ. ಅವುಗಳ ಹೊಸ ನಕಲುಗಳೂ ಹಳೇ ಮಾಲು ಎಂದು ಬಿಕರಿಯಾಗುತ್ತವೆ.

ಎಲ್ಲಕ್ಕಿಂತ ಕಷ್ಟದ ವಿಷಯ ಬೇರೆ ಇದೆ. ನಳಿಗೆ ಉಳಿಯುತ್ತದೆ, ಕವೆ ಉಳಿಯುವುದಿಲ್ಲ. ಕವೆ ಉಳಿದರೂ ಅದು ಕೂತಿದ್ದ ಮರ ಉಳಿಯುವುದಿಲ್ಲ. ಎಷ್ಟೋ ಕಡೆ ಈ ತೋಪುಗಳನ್ನು ಸಿಮೆಂಟಿನ ಕಟ್ಟೆಗೆ ಮಲಗಿಸಿ ಕಪ್ಪು ಬಣ್ಣ ಬಳಿದಿರುತ್ತಾರೆ. ಬಾಗಿಲು ಕಿತ್ತು ಗೋಡೆಗೆ ಒರಗಿಸಿದ ಹಾಗೆ. ಹಾಗಾಗಿ ನಾನು ಪಕ್ಕದ ಗೂಟಗಳನ್ನು ಹುಡುಕಿ ನೋಡುತ್ತೇನೆ. ಗೂಟದ ಯಾವ ಬದಿ ಸವೆದಿದೆ? ಕವೆಯ ಕಾಲು ಸಿಕ್ಕಿದರೆ ಅದು ಎಷ್ಟು ಉದ್ದ, ಎಷ್ಟು ದಪ್ಪ? ಅದರಿಂದ ಮರ ಎಷ್ಟು ದಪ್ಪ ಇದ್ದಿರಬೇಕು ಎನ್ನುವುದು ಗೊತ್ತಾಗುತ್ತದೆ.

ಕೊನೆಗೆ ನಮ್ಮ ಕಡೆಯ ಒಂದು ಮಾತು. 1498ರಲ್ಲಿ ವಾಸ್ಕೊ ಡ ಗಾಮ ಊರಿಗೆ ಮರಳುವ ಮುಂಚೆ ಕಾರವಾರದ ಹತ್ತಿರದ ಅಂಜದೀವ ದ್ವೀಪದಲ್ಲಿ ತಂಗಿದ್ದ. 1510ರಲ್ಲಿ ಪೋರ್ಚುಗೀಸರು ಬಿಜಾಪುರದ ಸುಲ್ತಾನರಿಂದ ಗೋವಾ ಕಿತ್ತುಕೊಂಡರು. ಆ ಹೊತ್ತಿಗೆ ಅವರ ಹಡಗಿನ ಅಂಚಿನಲ್ಲಿ ತೊಟ್ಟಿಲ ತೋಪುಗಳು ಸಾಮಾನ್ಯವಾಗಿದ್ದವು. ಯುರೋಪಿನವರು ಕವೆ ಮತ್ತು ತಿರುಗಣೆಯನ್ನು ಸಣ್ಣ ತೋಪಿಗೆ ಮಾತ್ರ ಇಟ್ಟುಕೊಂಡರು. ಆದರೆ ದಖನ್ನಿನ ಕೋಟೆಗಳಲ್ಲಿ ಭಾರೀ ತೋಪುಗಳೇ ತಿರುಗತೊಡಗಿದವು. ಹಡಗಿನ ಉಪಾಯವನ್ನು ನೋಡಿದವರು ಯಾರೋ ಅದನ್ನು ಕಲ್ಲಿನ ಬುರುಜಿಗೆ ಹತ್ತಿಸಿದರು ಎಂಬುದು ನನ್ನ ಊಹೆ. ಕಲ್ಲಿನ ಬುರುಜು ಮರದ ಹಾಗೆ ಸೀಳುವುದಿಲ್ಲವಲ್ಲ!

ವಿಜಯಪುರಕ್ಕೆ ಹೋದವರು ಮಲಿಕ್-ಎ-ಮೈದಾನ್ ತೋಪಿನ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಉಪ್ಲಿ ಬುರುಜು ಇದೆ. ಸುತ್ತು ಮೆಟ್ಟಿಲು, ಸುಮಾರು 80 ಅಡಿ ಎತ್ತರ. ಹತ್ತಿದರೆ ಮೇಲೆ 30 ಅಡಿಯ ಒಂದು ಉದ್ದನೆ ತೋಪು. ಅದೂ ಎರಕದ್ದಲ್ಲ. ಕಬ್ಬಿಣದ ಪಟ್ಟಿ ಜೋಡಿಸಿ, ಬಂಡಿಗಾಲಿಯ ಲೆಕ್ಕದಲ್ಲೇ ಬಳೆ ತೊಡಿಸಿದ್ದು. ಅದನ್ನು ನೋಡಿದ ಮೇಲೆ ಕೆಳಗೆ ನೆಲವನ್ನೂ ನೋಡಿ. ತೋಪು ತಿರುಗಲೆಂದು ಮಾಡಿದ ದುಂಡನೆಯ ಕಟ್ಟೆ, ಅದರ ನಡುವೆ ತಿರುಗಣೆ ಕೂರುವ ಜಾಗ ಅಲ್ಲಿದೆ. ಬೇಸಿಗೆಯಲ್ಲಿ ಹೋಗುವುದಾದರೆ ಬೆಳಿಗ್ಗೆಯೇ ಹತ್ತಿ, ಹತ್ತು ಗಂಟೆಯ ಮೇಲೆ ಆ ಕಲ್ಲು ಕಾಲು ಸುಡುತ್ತದೆ.

ನಮಸ್ಕಾರ.