ಅಷ್ಟೂರಿನ ಗುಮ್ಮಟ, ಬಿಚ್ಚಿ ಬಾರದ ಫಿಲ್ಟರ್ | ಕಿಟ್ ಲೆನ್ಸ್‌ನಲ್ಲಿ ಲ್ಯಾಂಡ್‌ಸ್ಕೇಪ್ | ಬೀದರ್ ವ್ಲಾಗ್

ಸ್ಕ್ರೀನ್ ಮೇಲೆ ಎರಡು ಫೋಟೋ ಹಾಕಿದ್ದೇನೆ. ಎಡಗಡೆಯದು 18 ಎಂಎಂನಲ್ಲಿ, ಅಂದರೆ ವೈಡ್ ಆಗಿ ತೆಗೆದದ್ದು, ಬಲಗಡೆಯದು 55ರಲ್ಲಿ, ಅಂದರೆ ಜೂಮ್ ಮಾಡಿ. ಕ್ಯಾಮೆರಾ ಅದೇ, ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಅದೇ, ಬೆಳಗೂ ಅದೇ. ಎಡಗಡೆ ಫೋಟೋದಲ್ಲಿ ಅಷ್ಟೂರಿನ ಗುಮ್ಮಟಗಳು ಎಲ್ಲಿವೆ, ಹೇಳಿ ನೋಡೋಣ. ಹುಡುಕಬೇಕು, ಅಲ್ವಾ? ಮುಕ್ಕಾಲು ಪಾಲು ಖಾಲಿ ಆಕಾಶ, ಕೆಳಗಡೆ ಡಾಂಬರು ರಸ್ತೆ, ನಡುವೆ ಸಾಸಿವೆ ಕಾಳಿನಷ್ಟು ಗುಮ್ಮಟ.

ಲ್ಯಾಂಡ್‌ಸ್ಕೇಪ್ ಅಂದರೆ ವೈಡ್ ಆಗಿಯೇ ತೆಗೆಯಬೇಕು ಅಂತ ಯಾರೋ ಎಲ್ಲರ ತಲೆಯಲ್ಲಿ ತುಂಬಿಬಿಟ್ಟಿದ್ದಾರೆ. ಚಿಕ್ಕಮಗಳೂರು ಕಡೆ, ಮಡಿಕೇರಿ ಕಡೆ ಅದು ನಡೆಯುತ್ತದೆ. ಅಲ್ಲಿ ಬೆಟ್ಟಗಳೇ ಫ್ರೇಮ್ ತುಂಬಿಬಿಡುತ್ತವೆ. ನಮ್ಮದು ಬಯಲುಸೀಮೆ. ಇಲ್ಲಿ ವೈಡ್ ಹಾಕಿದರೆ ಸಿಗುವುದು ಬರೀ ಬಯಲು. ಅದಕ್ಕೇ ಹೊಸದಾಗಿ ಕ್ಯಾಮೆರಾ ತಗೊಂಡವರಿಗೆ ಹೇಳುತ್ತಿದ್ದೇನೆ, ಲೆನ್ಸನ್ನು 55ಕ್ಕೆ ತಿರುಗಿಸಿ ಹಾಗೇ ಬಿಡಿ. 18 ಇದೆ ಅನ್ನುವುದನ್ನೇ ಮರೆತುಬಿಡಿ.

ಇದು ಅಷ್ಟೂರಿಗೆ ಹೋಗುವ ದಾರಿ. ಬೀದರ್‌ನಿಂದ ಪೂರ್ವಕ್ಕೆ ಮೂರು ಕಿಲೋಮೀಟರ್ ಅಷ್ಟೇ. ದಾರಿಯಲ್ಲಿ ಈ ದಿಣ್ಣೆ ಮೇಲೆ ಕಾಣುತ್ತಿರುವುದು ಚೌಖಂಡಿ, ಸೂಫಿ ಸಂತ ಹಜರತ್ ಖಲೀಲುಲ್ಲಾ ಅವರ ಸಮಾಧಿ. ಎಂಟು ಮೂಲೆಯ ಕಟ್ಟಡ. ಮುಂದೆ ಹೋದರೆ ಬಹಮನಿ ಸುಲ್ತಾನರ ಸಮಾಧಿಗಳು. ಅಹ್ಮದ್ ಶಾಹ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ, 1436ರಲ್ಲಿ ತೀರಿಕೊಂಡ, ಅವನನ್ನು ಇಲ್ಲೇ ಮಣ್ಣು ಮಾಡಿದರು. ಆಮೇಲೆ ಬಂದವರದ್ದೂ ಇಲ್ಲೇ, ಒಬ್ಬರ ಪಕ್ಕ ಒಬ್ಬರು.

ಸಾಲಾಗಿ ಇರುವುದೇ ಫೋಟೋ ತೆಗೆಯುವವರಿಗೆ ತಲೆನೋವು. ಈಗ ನೋಡಿ, ಇಲ್ಲಿ ನಿಂತರೆ ಎರಡು ಗುಮ್ಮಟ ಒಂದಕ್ಕೊಂದು ಅಂಟಿ ಒಂದೇ ಗುಡ್ಡೆ ಥರ ಕಾಣುತ್ತಿವೆ. ಬಲಕ್ಕೆ ನಡೆಯುತ್ತಿದ್ದೇನೆ. ಇನ್ನೂ ಅಂಟಿವೆ. ಇನ್ನೂ. ಈಗ ನಡುವೆ ಬೆಳಕಿನ ಗೆರೆ ಬಂತು ನೋಡಿ, ತೆಳ್ಳಗೆ. ಇನ್ನೂ ನಾಲ್ಕು ಹೆಜ್ಜೆ. ಹಾಂ, ಈಗ ಬಿಡಿಬಿಡಿ ಆದವು. ಕಂಪೋಸಿಷನ್ ಅಂದರೆ ಅರ್ಧ ಕೆಲಸ ಇದೇ. ಗುಮ್ಮಟಕ್ಕೆ ಗುಮ್ಮಟ ತಾಗಬಾರದು, ಗುಮ್ಮಟಕ್ಕೆ ಮರ ತಾಗಬಾರದು, ಕರೆಂಟ್ ಕಂಬ ಯಾವುದಕ್ಕೂ ತಾಗಬಾರದು. ಈ ಒಂದು ಕೆಲಸಕ್ಕೆ ಕ್ಯಾಮೆರಾದಲ್ಲಿ ಯಾವ ಬಟನ್ನೂ ಇಲ್ಲ. ಕಾಲು ಎತ್ತಿ ನಡೆಯಬೇಕು.

ಇನ್ನೊಂದು ವಿಷಯ. ಜೂಮ್ ಮಾಡಿದರೆ ಗುಮ್ಮಟಗಳ ನಡುವಿನ ಜಾಗ ಕಡಿಮೆ ಆಗುತ್ತದೆ ಅನ್ನುತ್ತಾರಲ್ಲ, ಅದನ್ನು ಮಾಡುವುದು ಲೆನ್ಸ್ ಅಲ್ಲ. ನೀವು ಎಷ್ಟು ದೂರ ನಿಂತಿದ್ದೀರಿ ಅನ್ನುವುದರ ಮೇಲೆ ಅದು ಹೋಗುತ್ತದೆ. ದೂರ ನಿಂತರೆ ಹತ್ತಿರದ ಗುಮ್ಮಟಕ್ಕೂ ಹಿಂದಿನದಕ್ಕೂ ಗಾತ್ರದಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. 55 ಮಾಡುವ ಕೆಲಸ ಅಂದರೆ ಸುತ್ತಲಿನ ಕಸ ಕತ್ತರಿಸುವುದು. ಬೇಕಾದರೆ 18ರಲ್ಲಿ ತೆಗೆದ ಫೋಟೋವನ್ನೇ ಕ್ರಾಪ್ ಮಾಡಿ ನೋಡಿ. ಚಿತ್ರ ಹೆಚ್ಚುಕಡಿಮೆ ಅದೇ ಬರುತ್ತದೆ, ಆದರೆ ಪಿಕ್ಸೆಲ್ ಉಳಿದಿರುವುದಿಲ್ಲ.

ಈಗ ಫಿಲ್ಟರ್ ಕಥೆ. ಇದನ್ನು ಹೇಳದೆ ನನಗೆ ಸಮಾಧಾನ ಇಲ್ಲ.

ಪೋಲರೈಸರ್ ಅಂತ ಒಂದು ಗಾಜು ಬರುತ್ತದೆ, ಲೆನ್ಸ್ ಮುಂದೆ ತಿರುಪಿ ಹಾಕುವುದು. ಆಕಾಶ ನೀಲಿ ಆಗುತ್ತದೆ, ಎಲೆ ಮೇಲಿನ ಹೊಳಪು ಹೋಗುತ್ತದೆ. ಅದನ್ನು 1,250 ರೂಪಾಯಿ ಕೊಟ್ಟು ತರಿಸಿದೆ. ಕಾಗದದ ಮೇಲೆ ಎಲ್ಲಾ ಚೆನ್ನಾಗಿತ್ತು. ಆದರೆ ಅದು ಜೋರಾಗಿ ಕೆಲಸ ಮಾಡುವುದು ಸೂರ್ಯ ನಿಮ್ಮ ಪಕ್ಕಕ್ಕಿದ್ದಾಗ, 90 ಡಿಗ್ರಿಯಲ್ಲಿ. ಬೆಳಗ್ಗೆ ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿದರೆ ಸರಿ. ನಾನು ತೆಗೆಯಬೇಕಾಗಿದ್ದು ಪೂರ್ವಕ್ಕೆ, ಸೂರ್ಯನ ಕಡೆಗೇ. ಅಲ್ಲಿ ಅದರಿಂದ ಏನೂ ಉಪಯೋಗ ಇಲ್ಲ. ಮೇಲಾಗಿ ಒಂದೂವರೆ ಎರಡು ಸ್ಟಾಪ್ ಬೆಳಕನ್ನೂ ನುಂಗುತ್ತದೆ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಆದ ಹಾಗೆ. ಸರಿ, ಬಿಚ್ಚೋಣ ಅಂತ ಹಿಡಿದು ತಿರುಗಿಸಿದೆ. ಮುಂದಿನ ಗಾಜು ಮಾತ್ರ ತಿರುಗುತ್ತದೆ. ಅದು ತಿರುಗಲೇಬೇಕು, ಪೋಲರೈಸರ್ ಇರುವುದೇ ಹಾಗೆ. ಹಿಂದಿನ ರಿಂಗ್ ಅಲ್ಲಾಡುವುದಿಲ್ಲ. ಅದು ಎಷ್ಟು ಸಣ್ಣ ರಿಂಗ್ ಅಂದರೆ ಉಗುರು ಇಡುವುದಕ್ಕೂ ಜಾಗ ಇಲ್ಲ. ಹಿಂದಿನ ದಿನ ಕೆಂಪು ಮೊರಂ ರಸ್ತೆಯಲ್ಲಿ ಓಡಾಡಿದ್ದೆವು, ಆ ಧೂಳು ಥ್ರೆಡ್ ಒಳಗೆ ಕೂತುಬಿಟ್ಟಿದೆ. ಕ್ಲಿಪ್‌ನಲ್ಲಿ ನೋಡಿ, ಅಂಚಿನಲ್ಲಿ ಕೆಂಪು ಗೆರೆ ಕಾಣುತ್ತಿದೆಯಲ್ಲ, ಅದೇ.

ಫೋನ್ ಮಾಡಿ ಒಬ್ಬ ರಿಪೇರಿಯವರನ್ನು ಕೇಳಿದೆ. ಲೆನ್ಸ್ ತಂದು ಕೊಡಿ, ಮುಂದಿನ ಭಾಗ ಬಿಚ್ಚಬೇಕಾಗುತ್ತದೆ, 800 ಆಗುತ್ತದೆ, ಎರಡು ದಿನ ಬೇಕು ಅಂದರು. 1,250ರ ಗಾಜು ಬಿಚ್ಚುವುದಕ್ಕೆ 800! ಈ ಲೆಕ್ಕ ಯಾರಿಗಾದರೂ ಸರಿ ಅನಿಸುತ್ತದಾ? ಇನ್ನೊಬ್ಬ ಗೆಳೆಯ ಇಕ್ಕಳ ತಗೋ ಅಂದ. ಅವನ ಹೆಸರು ಹೇಳುವುದಿಲ್ಲ. ದಯವಿಟ್ಟು ಯಾರೂ ಇಕ್ಕಳ ಹಚ್ಚಬೇಡಿ. ತೆಳ್ಳನೆ ಅಲ್ಯೂಮಿನಿಯಂ ರಿಂಗ್ ಅದು. ಎರಡು ಕಡೆ ಒತ್ತಿದರೆ ಮೊಟ್ಟೆ ಆಕಾರಕ್ಕೆ ಬರುತ್ತದೆ, ಆಮೇಲೆ ಜನ್ಮದಲ್ಲಿ ಬಿಚ್ಚುವುದಿಲ್ಲ. ಕೈಯಲ್ಲಿ ಗಟ್ಟಿಯಾಗಿ ಹಿಡಿದಾಗಲೂ ಆಗುವುದು ಅದೇ.

ವಾಪಸ್ ಬರುವಾಗ ರಸ್ತೆ ಬದಿಯಲ್ಲಿ ಈ ಪಂಕ್ಚರ್ ಅಂಗಡಿ. ಆಗ ತಾನೇ ಬಾಗಿಲು ತೆಗೆಯುತ್ತಿದ್ದರು. ಗಾಳಿ ಹಾಕಿಸುವಾಗ ಸುಮ್ನೆ ತೋರಿಸಿದೆ. ಚಾಚಾ ಲೆನ್ಸನ್ನು ಕೈಗೆ ತಗೊಂಡು ಒಂದು ಸಲ ನೋಡಿದರು. ಹಳೇ ಸೈಕಲ್ ಟ್ಯೂಬ್‌ನಿಂದ ಬೆರಳಗಲದ ಪಟ್ಟಿ ಕತ್ತರಿಸಿದರು. ಫಿಲ್ಟರ್ ಸುತ್ತ ಬಿಗಿಯಾಗಿ ಸುತ್ತಿದರು, ಹಿಂದಿನ ರಿಂಗ್ ಮೇಲೆ ಬರುವ ಹಾಗೆ. “ತಾಕತ್ ಹಚ್ಚಬ್ಯಾಡ್ರಿ, ಹಗುರ್ಕ ತಿರುಗಸ್ರಿ” ಅಂದರು. ನಾನು ಅಂಗೈಯಲ್ಲಿ ಸುಮ್ನೆ ಹಿಡಿದು ತಿರುಗಿಸಿದೆ ಅಷ್ಟೇ. ಕರಕ್ ಅಂತ ಸದ್ದು, ಬಂತು! ರಬ್ಬರ್ ಸುತ್ತಲೂ ಒಂದೇ ಸಮ ಹಿಡಿಯುತ್ತದೆ, ರಿಂಗ್ ವಕ್ರ ಆಗುವುದಿಲ್ಲ, ಇಷ್ಟೇ ಗುಟ್ಟು. ಗಾಳಿಗೂ ಸೇರಿಸಿ 20 ರೂಪಾಯಿ ತಗೊಂಡರು. “ಇದನ್ನ ಇಟ್ಕೋರಿ, ಮತ್ತ ಬೇಕಾಗ್ತದ” ಅಂತ ಆ ಪಟ್ಟಿಯನ್ನೂ ಕೊಟ್ಟರು. ಈಗ ಅದು ನನ್ನ ಬ್ಯಾಗಿನಲ್ಲಿ ಬ್ಯಾಟರಿ ಪಕ್ಕದಲ್ಲಿದೆ. ಪೋಲರೈಸರ್ ಮಾತ್ರ ಅಲಮಾರಿಗೆ ಹೋಯಿತು. ಮಳೆಗಾಲದಲ್ಲಿ ತೆಗೆದರೂ ತೆಗೆದೇನು, ಒದ್ದೆ ಎಲೆಗೆ ಅದು ಬೇಕಾಗುತ್ತದೆ.

ಅಯ್ಯೋ, ಬೆಳಗಿನ ಶಾಟ್ ಓಡಿಹೋಗುತ್ತಿದೆ, ಬೇಗ ಹೇಳುತ್ತೇನೆ. ಫಿಲ್ಟರ್ ಬಿಚ್ಚಿದ ಮಾರನೇ ಬೆಳಗು ಇದು. ಜನವರಿಯಲ್ಲಿ ಬೀದರ್‌ನಲ್ಲಿ ಸೂರ್ಯ ಹುಟ್ಟುವುದು 6:50ರ ಸುಮಾರಿಗೆ. ಸರಿಯಾಗಿ ಪೂರ್ವಕ್ಕೆ ಹುಟ್ಟುವುದಿಲ್ಲ, ಸ್ವಲ್ಪ ಬಲಕ್ಕೆ, ಆಗ್ನೇಯದ ಕಡೆ. ಹೋಗುವ ಮುಂಚೆ ಫೋನಿನಲ್ಲಿ ದಿಕ್ಕು ನೋಡಿಕೊಳ್ಳಿ. ಚೌಖಂಡಿ ಕಡೆಯಿಂದ ನೋಡಿದರೆ ಗುಮ್ಮಟಗಳ ಹಿಂದೆ ಬೆಳಕು, ಮುಂದೆ ಕತ್ತಲೆ. ಆದ್ದರಿಂದ ಬೆಳಗ್ಗೆ ಇಲ್ಲಿ ಬಣ್ಣ ಹುಡುಕಬೇಡಿ. ಆಕಾರ ಹುಡುಕಿ.

ಆಕಾರ ಅಂದರೆ ಇದು. ಹುಮಾಯೂನ್ ಶಾಹನ ಸಮಾಧಿ. ಸಿಡಿಲು ಬಡಿದು ಗುಮ್ಮಟ ಅರ್ಧ ಬಿದ್ದುಹೋಗಿದೆ. ಉಳಿದ ಗೋಡೆಯ ದಪ್ಪ ಎಷ್ಟಿದೆ ಅಂತ ಬಾಯಿ ತೆರೆದುಕೊಂಡು ತೋರಿಸುತ್ತದೆ. ಪೂರ್ತಿ ಇರುವ ಗುಮ್ಮಟಗಳ ನಡುವೆ ಇದೊಂದು ಸೀಳಿದ್ದು. ಕಪ್ಪು ನೆರಳಾಗಿ ನೋಡುವಾಗ ಇದರಷ್ಟು ಚೆಂದ ಇನ್ನೊಂದಿಲ್ಲ. ಫ್ರೇಮ್‌ನಲ್ಲಿ ನಟ್ಟ ನಡುವೆ ಇಟ್ಟಿದ್ದೇನೆ. ಫ್ರೇಮನ್ನು ಮೂರು ಭಾಗ ಮಾಡಿ, ಆ ಗೆರೆ ಮೇಲೇ ಗುಮ್ಮಟ ಇಡಬೇಕು ಅನ್ನುವ ನಿಯಮ, ಅದಕ್ಕೊಂದು ಗ್ರಿಡ್, ಅದೆಲ್ಲಾ ನನಗೆ ಆಗುವುದಿಲ್ಲ. ಗ್ರಿಡ್ ನಾನು ಹಾಕಿಕೊಳ್ಳುವುದು ನೆಲದ ಗೆರೆ ಓರೆ ಆಗಬಾರದು ಅಂತ ಮಾತ್ರ. ಬಯಲಿನಲ್ಲಿ ಒಂದು ಡಿಗ್ರಿ ಓರೆ ಇದ್ದರೂ ಕಣ್ಣಿಗೆ ಹೊಡೆಯುತ್ತದೆ.

ಸೆಟ್ಟಿಂಗ್ ಸರಳ. ಅಪರ್ಚರ್ ಮೋಡ್, ಎಫ್ 8, ಐಎಸ್‌ಒ 100. ಎಫ್ ಅಂದರೆ ಬೆಳಕು ಬರುವ ತೂತಿನ ಅಳತೆ, ನಂಬರ್ ದೊಡ್ಡದಾದಷ್ಟು ತೂತು ಸಣ್ಣದು. ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕು ಅನ್ನುವುದು. ಕ್ಯಾಮೆರಾ ಎಲ್ಲವನ್ನೂ ನಡುಮಧ್ಯದ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಗುಮ್ಮಟ ಕಪ್ಪಗಿದೆ ಅಂತ ಬೆಳಕು ಜಾಸ್ತಿ ಮಾಡುತ್ತದೆ, ಆಗ ಆಕಾಶ ಬಿಳಿಚಿಕೊಳ್ಳುತ್ತದೆ. ಅದಕ್ಕೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಬೆಳಕು ಏರಿಸಿ ಇಳಿಸುವ ಸೆಟ್ಟಿಂಗ್, ಮೈನಸ್ 1, ಸಾಲದಿದ್ದರೆ ಮೈನಸ್ 2. ಹೈಲೈಟ್ ಎಚ್ಚರಿಕೆ ಆನ್ ಮಾಡಿಕೊಳ್ಳಿ, ಬೆಳಕು ಅತಿಯಾದ ಜಾಗ ಸ್ಕ್ರೀನ್‌ನಲ್ಲಿ ಮಿನುಗುತ್ತದೆ. ಸೂರ್ಯನ ಸುತ್ತ ಮಾತ್ರ ಮಿನುಗಿದರೆ ಪರವಾಗಿಲ್ಲ. ಅರ್ಧ ಆಕಾಶ ಮಿನುಗಿದರೆ ಇನ್ನೂ ಇಳಿಸಿ. ಫೋನಿನವರು ಆಕಾಶದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಆಮೇಲೆ ಬೆರಳನ್ನು ಕೆಳಗೆ ಎಳೆಯಿರಿ. ಅದೇ ಕೆಲಸ.

ಲ್ಯಾಂಡ್‌ಸ್ಕೇಪ್‌ಗೆ ಎಫ್ 22 ಇಡಿ ಅನ್ನುವವರೂ ಇದ್ದಾರೆ. ಅದು ಯಾಕೆ ಬೇಡ ಅಂದರೆ, ತೂತು ತೀರಾ ಸಣ್ಣದಾದಾಗ ಬೆಳಕು ಅಂಚಿನಲ್ಲಿ ಚದುರುತ್ತದೆ. ಇಡೀ ಫೋಟೋ ಮೆತ್ತಗಾಗುತ್ತದೆ. ಇನ್ನೊಂದು, ಸೆನ್ಸರ್ ಮೇಲೆ ಕೂತ ಧೂಳೆಲ್ಲಾ ಆಕಾಶದಲ್ಲಿ ಚುಕ್ಕೆ ಚುಕ್ಕೆಯಾಗಿ ಎದ್ದು ಕಾಣುತ್ತದೆ. ನಮ್ಮ ಕಡೆ ಧೂಳಿಗೆ ಏನು ಬರ!

ಈ ಸದ್ದು ಕೇಳಿಸಿತಾ? ವಾಯುಪಡೆಯ ವಿಮಾನ. ಬೀದರ್‌ನಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುವ ನೆಲೆ ಇದೆ, ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡ ಇರುವುದೂ ಇಲ್ಲೇ. ನನ್ನ ಆಡಿಯೋ ದಿನಾ ಹೀಗೇ ಹಾಳಾಗುತ್ತದೆ. ಡ್ರೋನ್ ಶಾಟ್ ಯಾಕೆ ಹಾಕಲ್ಲ ಅಂತ ಕೇಳುತ್ತಿರುತ್ತೀರಲ್ಲ, ಉತ್ತರ ತಲೆ ಮೇಲೆ ಹಾರಿಹೋಯಿತು.

ಒಳಗಿನ ಒಂದು ಕ್ಲಿಪ್. ಅಹ್ಮದ್ ಶಾಹನ ಸಮಾಧಿಯ ಒಳಗೋಡೆ ತುಂಬಾ ಬಣ್ಣದ ಚಿತ್ತಾರ, ಅಕ್ಷರ. ಇವನಿಗೆ ವಲಿ, ಅಂದರೆ ಸಂತ ಅಂತ ಮುಸ್ಲಿಮರು ನಡೆದುಕೊಳ್ಳುತ್ತಾರೆ, ಅಲ್ಲಮಪ್ರಭು ಅಂತ ಲಿಂಗಾಯತರು ನಡೆದುಕೊಳ್ಳುತ್ತಾರೆ. ಉರುಸಿಗೆ ಇಬ್ಬರೂ ಬರುತ್ತಾರೆ. ಒಳಗಡೆ ಕತ್ತಲೆ, ಫ್ಲ್ಯಾಷ್ ಹೊಡೆಯಬೇಡಿ, ಬಣ್ಣಕ್ಕೆ ಒಳ್ಳೆಯದಲ್ಲ. ಇದು ಲ್ಯಾಂಡ್‌ಸ್ಕೇಪೇ ಅಲ್ಲ, ಇದರ ಬಗ್ಗೆ ಶುರು ಮಾಡಿದರೆ ಸಂಜೆ ಆಗುತ್ತದೆ. ಮುಂದೆ ಹೋಗೋಣ.

ಸಂಜೆ. ಈಗ ಸೂರ್ಯ ನನ್ನ ಬೆನ್ನ ಹಿಂದೆ, ಊರಿನ ಕಡೆ. ಬೆಳಗ್ಗೆ ಕಪ್ಪಗಿದ್ದ ಗೋಡೆಗಳೆಲ್ಲಾ ಈಗ ಕೇಸರಿ. ಬಣ್ಣದ ಫೋಟೋ ಬೇಕಾದರೆ ಇದು ಹೊತ್ತು. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಇಟ್ಟರೆ ಕ್ಯಾಮೆರಾ ಆ ಕೇಸರಿಯನ್ನು ತೊಳೆದು ಬಿಳಿ ಮಾಡಿಬಿಡುತ್ತದೆ. ಡೇಲೈಟ್‌ಗೆ ಇಡಿ. ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲ್ ತೆಗೆಯುವವರು ಆಮೇಲೆ ಬದಲಾಯಿಸಬಹುದು, ಆದರೂ ಇಡಿ. ಹಿಂದಿನ ಸ್ಕ್ರೀನ್‌ನಲ್ಲಿ ಬಣ್ಣ ಸರಿ ಕಂಡರೆ ತೆಗೆಯುವ ಹುಮ್ಮಸ್ಸೇ ಬೇರೆ.

ಮತ್ತೆ, ಹೌದು, ಲೆನ್ಸ್ 18ಕ್ಕೆ ತಿರುಗಿಸಿದ್ದೇನೆ. ಬೆಳಗ್ಗೆ ಮರೆತುಬಿಡಿ ಅಂದಿದ್ದೆ. ಸಂಜೆಗೆ ಮಾತು ಬದಲಾಯಿತು, ಏನೀಗ! ಈ ಜೋಳದ ಹೊಲ ನೋಡಿದ ಮೇಲೆ ಯಾರಾದರೂ ಬದಲಾಯಿಸುತ್ತಾರೆ. ಹೊಲದವರನ್ನು ಕೇಳಿಯೇ ಬದುವಿನ ಮೇಲೆ ಕೂತಿದ್ದೇನೆ. ಎಳ್ಳಮಾವಾಸ್ಯೆ ದಿನ ಬಂದಿದ್ದರೆ ಸಜ್ಜಿ ರೊಟ್ಟಿ, ಭಜ್ಜಿ ಉಂಡು ಹೋಗಬಹುದಿತ್ತಲ್ಲ ಅಂದರು ಆ ಅವ್ವ. ಹೊಟ್ಟೆ ಉರಿಯಿತು. ನಿಂತು ತೆಗೆದರೆ ಜೋಳ ಒಂದು ಹಸಿರು ಪಟ್ಟಿ ಅಷ್ಟೇ. ಕುಕ್ಕರುಗಾಲಿನಲ್ಲಿ ಕೂತರೆ ತೆನೆಗಳು ಆಕಾಶಕ್ಕೆ ಏಳುತ್ತವೆ, ಎರಡು ತೆನೆಗಳ ನಡುವಿನ ಸಂದಿಯಲ್ಲಿ ಗುಮ್ಮಟ ಸಣ್ಣಗೆ ಕೂರುತ್ತದೆ. ಗುಮ್ಮಟ ಎಡಗಡೆ ಮೂರನೇ ಒಂದು ಭಾಗದಲ್ಲಿ ಬಂದಿದೆ. ಬೇಕಂತ ಮಾಡಿದ್ದಲ್ಲ.

ಇಲ್ಲಿ ಫೋಕಸ್ ಎಲ್ಲಿಗೆ? ಗುಮ್ಮಟಕ್ಕೆ ಮಾಡಿದರೆ ತೆನೆ ಮಸುಕು. ತೆನೆಗೆ ಮಾಡಿದರೆ ಗುಮ್ಮಟ ಮಸುಕು. ಕಿಟ್ ಲೆನ್ಸ್ ಬರುವ ಸಾಮಾನ್ಯ ಎಪಿಎಸ್‌ಸಿ, ಅಂದರೆ ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್ ಇರುವ ಕ್ಯಾಮೆರಾದಲ್ಲಿ 18 ಎಂಎಂ, ಎಫ್ 11 ಇಟ್ಟು ಒಂದೂವರೆ ಮೀಟರ್ ದೂರಕ್ಕೆ ಫೋಕಸ್ ಮಾಡಿ. ಮುಕ್ಕಾಲು ಮೀಟರ್‌ನಿಂದ ಹಿಡಿದು ದಿಗಂತದ ತನಕ ಸಾಕಷ್ಟು ಚೂಪಾಗಿ ಬರುತ್ತದೆ. ಇದೇ ಉಪಾಯ 55ರಲ್ಲಿ ನಡೆಯುವುದಿಲ್ಲ. ಅಲ್ಲಿ ಎಫ್ 8 ಇಟ್ಟರೆ ಹೆಚ್ಚುಕಡಿಮೆ 19 ಮೀಟರ್ ದೂರಕ್ಕೆ ಫೋಕಸ್ ಮಾಡಬೇಕಾಗುತ್ತದೆ, ಹತ್ತಿರದ ತೆನೆ ಆಸೆ ಬಿಡಬೇಕು.

ಬೆಳಕು ಇಳಿಯಿತು. ಎಫ್ 11, ಐಎಸ್‌ಒ 100, ಶಟರ್ 1/15 ಸೆಕೆಂಡಿಗೆ ಬಂದಿದೆ. ಕೈಯಲ್ಲಿ ಹಿಡಿದರೆ ಅಲ್ಲಾಡುವ ಭಯ. ಟ್ರೈಪಾಡ್, ಎರಡು ಸೆಕೆಂಡ್ ಟೈಮರ್, ಲೆನ್ಸಿನ ಸ್ಟೆಬಿಲೈಸರ್ ಆಫ್. ಇಷ್ಟೆಲ್ಲಾ ಮಾಡಿ ತೆಗೆದ ಫೋಟೋ ಇದು. ಗುಮ್ಮಟ ಚಾಕುವಿನಲ್ಲಿ ಕೊಯ್ದ ಹಾಗಿದೆ, ತೆನೆಗಳೆಲ್ಲಾ ಕಲಸಿದ ಹಾಗೆ ಮಸುಕಾಗಿವೆ. ಯಾಕೆ? ಗಾಳಿ. ಟ್ರೈಪಾಡ್ ಕ್ಯಾಮೆರಾವನ್ನು ಹಿಡಿಯುತ್ತದೆ, ಜೋಳವನ್ನು ಹಿಡಿಯುತ್ತದಾ? ಐಎಸ್‌ಒ 800ಕ್ಕೆ ಏರಿಸಿದೆ, ಶಟರ್ 1/125ಕ್ಕೆ ಬಂತು. ಈಗ ನೋಡಿ, ತೆನೆಯ ಒಂದೊಂದು ಕಾಳೂ ಎಣಿಸಬಹುದು. ಸ್ವಲ್ಪ ಕಾಳುಕಾಳು ನಾಯ್ಸ್ ಬಂದಿದೆ, ಬರಲಿ. ಐಎಸ್‌ಒ 100ರ ಮಡಿ ಹಿಡಿದು ಕೂರುವವರು ತೆನೆಯ ಜೊತೆ ಮಾತಾಡಿಕೊಳ್ಳಲಿ.

ಹಿಂದಿನಿಂದ ಬಂದ ಈ ಟ್ರ್ಯಾಕ್ಟರ್ ಲೈಟು ಹೊಲದ ಮೇಲೆಲ್ಲಾ ಬಿದ್ದು ಮುಂದಿನ ಶಾಟ್ ಕೆಟ್ಟಿತು, ಹಾಡು ಬೇರೆ ಜೋರಾಗಿ ಹಾಕಿದ್ದಾರೆ. ಇವತ್ತಿಗೆ ಸಾಕು. ಮುಂದಿನ ವಿಡಿಯೋ ಬರೀದ್ ಶಾಹಿ ಗೋರಿಗಳು, ಬಹಮನಿಗಳ ನಂತರ ಬೀದರ್ ಆಳಿದವರದ್ದು. ಅವು ಊರಿನ ಪಶ್ಚಿಮಕ್ಕಿವೆ, ಅಂದರೆ ಊರಿಂದ ಹೋಗುವವರಿಗೆ ಇಲ್ಲಿಯ ಲೆಕ್ಕವೆಲ್ಲಾ ಉಲ್ಟಾ. ಬೆಳಗ್ಗೆ ಬಣ್ಣ, ಸಂಜೆ ನೆರಳು. ಕ್ಲಿಪ್ ಮುಗಿಯಿತು, ಬರುತ್ತೇನೆ.