ಕ್ಷಮೆ ಕೇಳಲು ಬಂದ ದೋಣಿ

ಎಲ್ಲರಿಗೂ ನಮಸ್ಕಾರ. ಅಮೆರಿಕ ಸಮುದ್ರ ದಾಟಿ ಜಾಗ ಹಿಡಿದದ್ದು ಸರಿಯೋ ತಪ್ಪೋ ಎಂಬ ಹಳೇ ಜಗಳದ ಬಗ್ಗೆ ಮಾತಾಡಿ ಎಂದಿದ್ದಾರೆ. ಅಡುಗೆಮನೆಯಲ್ಲೋ ಅಂಗಡಿಯಲ್ಲೋ ರೇಡಿಯೊ ಹಾಕಿಕೊಂಡಿರುವ ನಿಮಗೆ ಇಸವಿಗಳ ಪಟ್ಟಿ ಒಪ್ಪಿಸುವುದಿಲ್ಲ. ಒಂದೇ ಮಾತು ನೆನಪಿಡಿ: ಅಲ್ಲಿದ್ದ ಜನರನ್ನು ಯಾರೂ ಕೇಳಲಿಲ್ಲ.

1898ರ ಜೂನ್ 20. ಪೆಸಿಫಿಕ್ ಸಾಗರದಲ್ಲಿ ಗುವಾಮ್ ಅಂತ ಪುಟ್ಟ ದ್ವೀಪ, ಆಗ ಸ್ಪೇನಿನದು. ಅಮೆರಿಕದ ಚಾರ್ಲ್‌ಸ್ಟನ್ ಎಂಬ ಯುದ್ಧನೌಕೆ ಬಂದರಿಗೆ ನುಗ್ಗಿ ಕೋಟೆಯತ್ತ ಫಿರಂಗಿ ಹಾರಿಸಿತು. ಆ ಕಡೆಯಿಂದ ಸದ್ದೇ ಇಲ್ಲ! ಆಮೇಲೆ ದೋಣಿಯಲ್ಲಿ ಸ್ಪೇನಿನ ಅಧಿಕಾರಿಗಳು ಬಂದರು. ಯಾಕೆ ಗೊತ್ತಾ? ಕ್ಷಮೆ ಕೇಳೋಕೆ. ನಮ್ಮ ದಸರೆಯಲ್ಲಿ ಕುಶಾಲತೋಪು ಹಾರಿಸುತ್ತಾರಲ್ಲ, ಇದೂ ಹಾಗೇ ಮರ್ಯಾದೆಗೆ ಹಾರಿಸಿದ್ದು ಅಂದುಕೊಂಡಿದ್ದರು ಪಾಪ, ತಿರುಗಿ ಹಾರಿಸೋಣವೆಂದರೆ ಅವರ ಹತ್ತಿರ ಮದ್ದೇ ಇರಲಿಲ್ಲ. ಎರಡು ದೇಶಗಳಿಗೂ ಯುದ್ಧ ಶುರುವಾಗಿ ಸುಮಾರು ಎರಡು ತಿಂಗಳಾಗಿದೆ ಅನ್ನೋದೇ ಅವರಿಗೆ ಗೊತ್ತಿಲ್ಲ! ಆಗ ಸ್ಪೇನಿನದೇ ಆಗಿದ್ದ ಫಿಲಿಪೀನ್ಸ್‌ನ ಮನಿಲಾದಿಂದ ಬಂದಿದ್ದ ಕೊನೆಯ ಕಾಗದ ಏಪ್ರಿಲ್ 14ರದ್ದು. ಮರುದಿನ ಗವರ್ನರ್ ಶರಣಾದರು, ಬಾವುಟ ಬದಲಾಯಿತು. ದ್ವೀಪದ ಮೂಲ ಜನ ಚಮೊರೊಗಳು. ಅವರನ್ನು ಕೇಳಿದರಾ? ಇಲ್ಲ.

ಈ ಕತೆ ಹೇಳುತ್ತಾ ಕೂತರೆ ನನಗೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಬೇಗ ಬೇಗ ಹೇಳುತ್ತೇನೆ. ಯುದ್ಧ ಮುಗಿದ ಮೇಲೆ ಒಪ್ಪಂದವಾಗಿ, ಫಿಲಿಪೀನ್ಸ್ ದ್ವೀಪಗಳಿಗೆಂದು ಅಮೆರಿಕ ಸ್ಪೇನಿಗೆ ಕೊಟ್ಟದ್ದು 2 ಕೋಟಿ ಡಾಲರ್. ಅಮೆರಿಕದ ಮೇಲ್ಮನೆ ಸೆನೆಟ್‌ನಲ್ಲಿ ಆ ಒಪ್ಪಂದಕ್ಕೆ ಮೂರರಲ್ಲಿ ಎರಡು ಪಾಲು ವೋಟು ಬೇಕಿತ್ತು; 57ಕ್ಕೆ 27, ಅಂತೂ ಇಂತೂ ಪಾಸಾಯಿತು. ವಿರೋಧಿಸಿದವರು ಬಾಸ್ಟನ್‌ನಲ್ಲಿ ಸಂಘ ಕಟ್ಟಿದರು, ಉಕ್ಕಿನ ಶ್ರೀಮಂತ ಕಾರ್ನೆಗಿ, ಆಮೇಲೆ ಮಾರ್ಕ್ ಟ್ವೇನ್ ಎಲ್ಲ ಅದರಲ್ಲಿದ್ದರು. ಇವರನ್ನು ಸುಮ್ನೆ ದೇವರು ಮಾಡಬೇಡಿ. ಬೇಡ ಎಂದವರಲ್ಲಿ ಕೆಲವರ ಕಾರಣ, ಆ ಕಂದು ಬಣ್ಣದವರು ನಮ್ಮ ಪ್ರಜೆಗಳಾಗಿಬಿಟ್ಟಾರು ಎಂಬ ಭಯ! ಅಂದರೆ ಹಿಡಿಯೋಣ ಎಂದವರೂ ಕೇಳಲಿಲ್ಲ, ಬೇಡ ಎಂದ ಇವರೂ ಕೇಳಲಿಲ್ಲ.

1901ರ ಕಿತ್ತಳೆ ಹಣ್ಣಿನ ಕೇಸು ಹೇಳಬೇಕಿತ್ತು, ಅದೇ ಯುದ್ಧದಲ್ಲಿ ಸ್ಪೇನಿನಿಂದ ಸಿಕ್ಕ ಪೋರ್ಟೊ ರಿಕೊ ದ್ವೀಪ ಅಮೆರಿಕದ್ದೇ, ಆದರೆ ಅಲ್ಲಿಂದ ಬರುವ ಹಣ್ಣಿಗೆ ಸುಂಕ ಹಾಕಬಹುದು ಎಂದಿತು ಅಮೆರಿಕದ ಸುಪ್ರೀಂ ಕೋರ್ಟು. ಹೊತ್ತಾಯಿತೆಂದು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಇರಲಿ. ಗುವಾಮಿನವರು 1950ರಿಂದ ಅಮೆರಿಕದ ಪ್ರಜೆಗಳು. ಅಧ್ಯಕ್ಷರನ್ನು ಆರಿಸುವ ಹಕ್ಕು ಮಾತ್ರ ಇಲ್ಲ. ಆದರೂ ಆ ಚುನಾವಣೆಯ ದಿನ ಅವರೂ ಸಾಲಿನಲ್ಲಿ ನಿಂತು ತಮಗೆ ಬೇಕಾದವರಿಗೆ ವೋಟು ಹಾಕುತ್ತಾರೆ, ಎಣಿಸುತ್ತಾರೆ. ಅದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ನಮಸ್ಕಾರ.